ಕಿರೀಟಕ್ಕೆ ದೀಪ: ಶನಿವಾರ ಬರುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಮಕ್ಕಳ ಛದ್ಮವೇಷಕ್ಕೆ ಮಿನುಗುವ ಕಿರೀಟ ಮಾಡಲು ಶನಿವಾರ ಸಂಜೆ ಸೇರುತ್ತಿದ್ದೇವಲ್ಲ, ಬರುವಾಗ ರಟ್ಟು, ಬಂಗಾರದ ಬಣ್ಣದ ಕಾಗದ, 5 ಮಿಲಿಮೀಟರಿನ ಎಲ್‌ಇಡಿಗಳು, ತೆಳು ತಂತಿ ಮತ್ತು 3 ವೋಲ್ಟಿನ ಸಿಆರ್2032 ಗುಂಡಿ ಬ್ಯಾಟರಿ ತನ್ನಿ.

ಎಲ್‌ಇಡಿಯ ಉದ್ದ ಕಾಲು ಧನ, ಗಿಡ್ಡ ಕಾಲು ಋಣ. ಒಂದೇ ಬ್ಯಾಟರಿಗೆ ಕೆಂಪು, ಬಿಳಿ ಎರಡನ್ನೂ ಸಮಾಂತರವಾಗಿ (ಧನ ಕಾಲುಗಳೆಲ್ಲ ಒಂದು ಕಡೆ, ಋಣ ಕಾಲುಗಳೆಲ್ಲ ಇನ್ನೊಂದು ಕಡೆ ಸೇರುವಂತೆ) ಜೋಡಿಸಬೇಡಿ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ 3ರ ಹತ್ತಿರ ಬೇಕು. ವಿದ್ಯುತ್ತನ್ನೆಲ್ಲ ಕೆಂಪೇ ಎಳೆದುಕೊಂಡು ಬಿಳಿ ಮಂಕಾಗುತ್ತದೆ. ಕಳೆದ ಸಲ ಮಗಳ ಚಿಟ್ಟೆಯ ರೆಕ್ಕೆಯಲ್ಲಿ ಹೀಗಾಗಿ, ರಾತ್ರಿ ಕುಳಿತು ಎಲ್ಲವನ್ನೂ ಬಿಚ್ಚಿ ಕಟ್ಟಬೇಕಾಯಿತು. ಹಣೆಗೆ ತಾಗುವ ಕಡೆ ಮೆತ್ತನೆಯ ಬಟ್ಟೆ ಅಂಟಿಸಿ.

ಇದೊಂದನ್ನು ಕೈಮುಗಿದು ಕೇಳುತ್ತೇನೆ. ಗುಂಡಿ ಬ್ಯಾಟರಿಯನ್ನು ಮಗು ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ತೀವ್ರವಾಗಿ ಸುಡಬಹುದು. ಹಾಗಾಗಿ ಬರೀ ಟೇಪು ಸುತ್ತುವುದು ಬೇಡ, ಸ್ಕ್ರೂ ಇರುವ ಪೆಟ್ಟಿಗೆಯೇ ಬೇಕು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಎರಡು ಎಎ ಸೆಲ್‌ಗಳ ಪೆಟ್ಟಿಗೆ ತನ್ನಿ. ಸೊಂಟಪಟ್ಟಿಗೆ ಸಿಕ್ಕಿಸಿದರೆ ತಲೆಗೂ ಭಾರವಿಲ್ಲ. ಆಗ ಪ್ರತಿ ಕೆಂಪು ದೀಪಕ್ಕೂ 100 ಓಮ್ ರೆಸಿಸ್ಟರ್ (ವಿದ್ಯುತ್ ಹರಿವನ್ನು ಮಿತಿಯಲ್ಲಿಡುವ ಪುಟ್ಟ ಬಿಡಿಭಾಗ) ಬೇಕು, ಅದನ್ನು ನಾನೇ ತರುತ್ತೇನೆ. ಯಾರಿಗೆ ಎಷ್ಟು ಬೇಕೆಂದು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.