ತರಬೇತಿ ತರಗತಿಯಿಂದಲೇ ಶುರುವಾಗಲಿ

ಮಾನ್ಯರೇ,

ಪ್ರಾಥಮಿಕ ಶಾಲಾ ಶಿಕ್ಷಕರ ತಂತ್ರಜ್ಞಾನ ತರಬೇತಿ ಎಷ್ಟೋ ಸಲ ವಿಡಿಯೊ ನೋಡಿ ಪ್ರಮಾಣಪತ್ರ ಪಡೆಯುವಲ್ಲಿಗೆ ಮುಗಿಯುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಇರಬೇಕು ಎನ್ನುತ್ತದೆ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಕೋರ್ಸ್‌ಗಳೂ ಇವೆ. ಆದರೆ ಸುಮ್ನೆ ಗಂಟೆ ತುಂಬಿಸಿದರೆ ಪಾಠ ಸುಧಾರಿಸುವುದಿಲ್ಲ, ಅಲ್ವಾ?

ನಾನು ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯ ಶಿಕ್ಷಕಿ. ಒಮ್ಮೆ ಮಕ್ಕಳ ಓದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳಿದೆ. ಒಬ್ಬ ಹುಡುಗಿ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದಳು. ಅವಳು ಬಾಯಿ ತೆರೆಯುವ ಮುಂಚೆಯೇ ನಾನು ಪದ ಹೇಳಿಬಿಡುತ್ತಿದ್ದೆ! ಮರುದಿನದಿಂದ ಕಾಯುವುದನ್ನು ಕಲಿತೆ.

ಅಕ್ಕಪಕ್ಕದ ಶಾಲೆಗಳವರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಇಂಥ ರೆಕಾರ್ಡಿಂಗ್‌ಗಳನ್ನು ಶಿಕ್ಷಕರು ಒಟ್ಟಿಗೆ ಕೇಳಿ ಚರ್ಚಿಸಲು ಒಂದು ಗಂಟೆ ಮೀಸಲಿಡಲಿ. ಆ ಗಂಟೆಯನ್ನೂ 50ರ ಲೆಕ್ಕಕ್ಕೆ ಸೇರಿಸಲಿ.

— ಪ್ರಾಥಮಿಕ ಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ