ರಿಲೇ ಅಭ್ಯಾಸ ಮತ್ತು ಪಿ.ಟಿ. ಪೀರಿಯಡ್: ಒಂದು ವಿನಂತಿ

ಎಲ್ಲ ದೈಹಿಕ ಶಿಕ್ಷಣ ಶಿಕ್ಷಕರಿಗೆ ನಮಸ್ಕಾರ.

ಕ್ರೀಡಾಕೂಟ ಹತ್ತಿರ ಬಂತು, ಎಲ್ಲರೂ ತಂಡ ಕಟ್ಟುವ ಗಡಿಬಿಡಿಯಲ್ಲಿದ್ದೀರಿ. ಆದರೆ ಉಳಿದ ಮಕ್ಕಳನ್ನು ಸುಮ್ನೆ ಬದಿಯಲ್ಲಿ ಕೂರಿಸಬೇಡಿ.

ಕಳೆದ ವಾರ ನನ್ನ ಏಳನೇ ತರಗತಿಯಲ್ಲೇ ಹೀಗಾಯಿತು. 40 ಮಕ್ಕಳು, ಒಂದೇ ವಾಲಿಬಾಲ್, ಒಂದೇ ಸಾಲು. ಕೊನೆಯ ಹುಡುಗಿಯ ಸರದಿ ಬರುವಾಗ ಬೆಲ್ ಆಯಿತು. ಚೆಂಡು ಮುಟ್ಟದೆಯೇ ಹೋದಳು. ಆ ಮುಖ ಇನ್ನೂ ಕಣ್ಣ ಮುಂದಿದೆ.

ಈಗ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡುತ್ತಿದ್ದೇನೆ. ರಿಲೇಗೆ ಬ್ಯಾಟನ್ (ಓಡುತ್ತಾ ಮುಂದಿನವರ ಕೈಗೆ ಕೊಡುವ ಕೋಲು) ಸಾಲದಿದ್ದರೆ 30 ಸೆಂ.ಮೀ. ಪೈಪ್ ತುಂಡು ಸಾಕು, ಅಂಚು ಮಾತ್ರ ಉಜ್ಜಿ ನುಣುಪು ಮಾಡಿ. ಮೊದಲು ನಡೆಯುತ್ತಾ ಕೊಡಲಿ, ಆಮೇಲೆ ನಿಧಾನ ಓಟ, ಕೊನೆಗೆ ಪೂರ್ತಿ ವೇಗ. ನಾಲ್ವರು ತಲಾ 100 ಮೀಟರ್ ಓಡುವ 4x100 ರಿಲೇಯಲ್ಲಿ ಬ್ಯಾಟನ್ ಬದಲಿಸುವ ಜಾಗ 30 ಮೀಟರ್. ಸುಣ್ಣದ ಗೆರೆ ಎಳೆದು ತೋರಿಸಿದರೆ ಬೇಗ ಅರ್ಥವಾಗುತ್ತದೆ. ಒಮ್ಮೆಗೆ ಒಂದೇ ಮಾತು ಹೇಳಿ: "ಚಾಚಿದ ಕೈ ಅಲ್ಲಾಡಿಸಬೇಡ." ಐದು ಸೂಚನೆ ಒಟ್ಟಿಗೆ ಕೊಟ್ಟರೆ ಒಂದೂ ಉಳಿಯುವುದಿಲ್ಲ, ಅಲ್ವಾ? ಬರೀ "ಗುಡ್" ಅನ್ನುವುದಕ್ಕಿಂತ "ಈ ಸಲ ಕೈ ಗಟ್ಟಿ ನಿಂತಿತು" ಅಂದರೆ ಮಗುವಿಗೆ ತಾನು ಮಾಡಿದ್ದೇನು ಅಂತ ಗೊತ್ತಾಗುತ್ತದೆ.

ತಪ್ಪಿಗೆ ಶಿಕ್ಷೆಯಾಗಿ ರೌಂಡ್ ಓಡಿಸಬೇಡಿ, ದಯವಿಟ್ಟು. ಓಟದ ಮೇಲೇ ಬೇಸರ ಬರುತ್ತದೆ. ನಮ್ಮ ಕಡೆಯ ಸೆಕೆಗೆ ನೀರಿನ ಬಿಡುವೂ ಜಾಸ್ತಿ ಬೇಕು.

ಶನಿವಾರ ಮಧ್ಯಾಹ್ನ 3ಕ್ಕೆ ಉಡುಪಿ ಅಜ್ಜರಕಾಡು ಮೈದಾನದಲ್ಲಿ ಇದನ್ನು ಮಾಡಿ ತೋರಿಸುತ್ತೇನೆ. ಬರುವವರು ಇಲ್ಲೇ ಹೆಸರು ಹಾಕಿ. ಪೈಪ್ ತುಂಡು ಇದ್ದರೆ ತನ್ನಿ.