ವೆಸ್ಲಿ ಪತ್ರಗಳಲ್ಲಿ ‘ನೀನು’ ಎಲ್ಲಿ, ‘ನೀವು’ ಎಲ್ಲಿ

ಪ್ರಿಯ ತಂಗಿ,

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥ ಕಟ್ಟಿದ ಕ್ರೈಸ್ತ ಬೋಧಕ ಜಾನ್ ವೆಸ್ಲಿ ಬರೆದ ಪತ್ರಗಳ ನಿನ್ನ ಅನುವಾದ ಓದಿದೆ. ಕನ್ನಡ ಸಲೀಸಾಗಿದೆ. ಆದರೆ ಮೊದಲಿಂದ ಕೊನೆಯವರೆಗೆ ಎಲ್ಲರನ್ನೂ ‘ನೀವು’ ಎಂದಿದ್ದೀಯ, ಪತ್ರಗಳ ಖಾರ ಹೋಗಿರುವುದು ಅಲ್ಲೇ. ಪ್ರತಿ ಪತ್ರದ ತಲೆಯ ಮೇಲೆ ಮೂರು ಸಂಗತಿ ಗುರುತು ಹಾಕಿಕೋ: ಆಗ ವೆಸ್ಲಿಯವರ ವಯಸ್ಸು, ಪತ್ರ ಪಡೆದವರ ವಯಸ್ಸು, ಇಬ್ಬರಲ್ಲಿ ಯಾರ ಮಾತು ನಡೆಯುತ್ತಿತ್ತು ಎಂಬುದು.

1788ರ ಸೆಪ್ಟೆಂಬರ್ 20ರ ಪತ್ರ ನೋಡು. ವೆಸ್ಲಿಗೆ 85, ಅಮೆರಿಕದಲ್ಲಿ ಅದೇ ಪಂಥ ನಡೆಸುತ್ತಿದ್ದ ಫ್ರಾನ್ಸಿಸ್ ಆಸ್ಬರಿಗೆ 43. ಅಲ್ಲಿಯವರಿಗೆ ನೀನು ಹಿರಿಯಣ್ಣ, ಇಡೀ ಮನೆಗೆ ನಾನು ತಂದೆ ಎಂದು ವೆಸ್ಲಿಯೇ ಸಂಬಂಧ ಹೇಳಿಬಿಟ್ಟಿದ್ದಾರೆ. ಮತ್ತೆ ‘ನೀವು’ ಎಲ್ಲಿಂದ ಬಂತು? ಹಾಗೆಂದು ಕಣ್ಣುಮುಚ್ಚಿ ಎಲ್ಲವನ್ನೂ ‘ನೀನು’ ಮಾಡಬೇಡ. ನಾನು ಶಾಲೆ ಕಟ್ಟಿದೆ, ನೀವು ಕಾಲೇಜು ಕಟ್ಟಿ ನಿಮ್ಮ ಹೆಸರನ್ನೇ ಇಟ್ಟುಕೊಂಡಿರಿ ಎನ್ನುವಲ್ಲಿ ಏಟು ಇಬ್ಬರಿಗೂ. ಆ ಕೋಕ್ಸ್‌ಬರಿ ಕಾಲೇಜಿನ ಹೆಸರಲ್ಲಿ ಆಸ್ಬರಿಯ ಜೊತೆಗಾರ ಥಾಮಸ್ ಕೋಕ್ ಕೂಡ ಇದ್ದಾರಲ್ಲ! ಅಲ್ಲಿ ‘ನೀವಿಬ್ಬರೂ’ ಬೇಕು. ಬಿಷಪ್ ಎಂದು ಕರೆಸಿಕೊಳ್ಳಲು ಎಷ್ಟು ಧೈರ್ಯ ಎಂದು ಕೇಳುವ ಹೊತ್ತಿಗೆ ಬೈಗುಳ ಆಸ್ಬರಿ ಒಬ್ಬನ ಮೇಲೆ. ಅಲ್ಲಿ ‘ನಿನಗೆ’ ಎಂದು ಬರೆದರೇ ಚುರುಕು ಮುಟ್ಟುವುದು.

1760ರಲ್ಲಿ ಜಾನ್ ಟ್ರೆಂಬಾತ್ ಎಂಬ ಬೋಧಕನಿಗೆ ಬರೆದದ್ದು ಇನ್ನೂ ಒರಟು: ನಿನ್ನನ್ನು ಕೆಡಿಸಿದ್ದು ಓದದಿರುವುದು, ಇಷ್ಟವಿರಲಿ ಬಿಡಲಿ, ದಿನವೂ ಓದು, ಪ್ರಾರ್ಥಿಸು. ಇದನ್ನು ‘ಓದುವ ಹವ್ಯಾಸ ರೂಢಿಸಿಕೊಳ್ಳುವುದು ಒಳಿತು’ ಎಂದಿದ್ದೀಯ. ಸುತ್ತೋಲೆಯ ಭಾಷೆ ಅದು, ತೆಗೆ.

ವಿಲಿಯಂ ವಿಲ್ಬರ್‌ಫೋರ್ಸ್ ವಿಷಯ ಬೇರೆ. 1791ರ ಫೆಬ್ರವರಿ 24ರಂದು, ಸಾಯುವ ಆರು ದಿನ ಮುಂಚೆ, 87ರ ವೆಸ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿ ಎಂದು 31ರ ಈ ಸಂಸದನಿಗೆ ಬರೆದರು. ಅಂತರ 56 ವರ್ಷ. ಆದರೂ ಆರಂಭವೇ ‘ಡಿಯರ್ ಸರ್’. ಇಲ್ಲಿ ‘ನೀವು’ ಇರಲಿ. ಮೂರನೆಯ ಗುರುತು ಬೇಕಾಗುವುದು ಇಂಥ ಕಡೆಯೇ.

ಪದಗಳ ಬಗ್ಗೆ ಎರಡು ಮಾತು. ವೆಸ್ಲಿಯ ಅನುಯಾಯಿಗಳು ಕೂಡುತ್ತಿದ್ದ ‘ಸೊಸೈಟಿ’ ಎಂದರೆ ನಮ್ಮವರಿಗೆ ಅಕ್ಕಿ, ಸೀಮೆಎಣ್ಣೆ ನೆನಪಾಗುತ್ತವೆ, ‘ಸಂಘ’ ಎನ್ನು. ‘ಕ್ಲಾಸ್’ ತರಗತಿಯಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಂಘದ ಕಟ್ಟಡದ ಸಾಲ ತೀರಿಸಲು ಸುಮಾರು 12 ಜನರಿಗೊಬ್ಬ ಮುಖಂಡ, ವಾರಕ್ಕೆ ತಲಾ ಒಂದು ಪೆನ್ನಿ ಎಂದು ಮಾಡಿದ ಏರ್ಪಾಡು ಅದು; ಆಮೇಲೆ ಮುಖಂಡ ಸದಸ್ಯರ ನಡತೆಯನ್ನೂ ವಿಚಾರಿಸತೊಡಗಿದ. ‘ಗುಂಪು’ ಸಾಕು. ‘ಸರ್ಕಿಟ್’ಗೆ ಮಾತ್ರ ಚಿಂತೆಯಿಲ್ಲ, ಸಾಹೇಬರ ‘ಸರ್ಕೀಟು’ ನಮ್ಮಲ್ಲಿ ಹಳೆಯದು. ಬೋಧಕರು ಕುದುರೆಯೇರಿ ಊರೂರು ಸುತ್ತುತ್ತಿದ್ದುದಕ್ಕೆ ಸರಿಯಾಗಿ ಒಪ್ಪುತ್ತದೆ.

ಇಸವಿಗಳನ್ನೂ ಇನ್ನೊಮ್ಮೆ ನೋಡು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಫೆಬ್ರವರಿ 1741 ಎಂದಿದ್ದರೆ ನಮ್ಮ ಲೆಕ್ಕಕ್ಕೆ 1742. ಇದು ತಪ್ಪಿದರೆ ಡಿಸೆಂಬರಿನ ಪ್ರಶ್ನೆಗೆ ಹತ್ತು ತಿಂಗಳು ಮೊದಲೇ ಉತ್ತರ ಬಂದಂತಾಗುತ್ತದೆ. ನಿನ್ನ ಕರಡಿನಲ್ಲಿ ಎರಡು ಕಡೆ ಹಾಗೇ ಆಗಿದೆ, ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೇನೆ.

ಮುಂದಿನ ಸಲ ಆಸ್ಬರಿ ಪತ್ರವೊಂದನ್ನೇ ಕಳಿಸು.

ನಿನ್ನ ಅಣ್ಣ